ಟಾಟಾ ಇನ್‌ಸ್ಟಿಟ್ಯೂಟ್: ಬಾಗಿಲು ದಾಟಿದ ಮೇಲಿನ ದಾರಿ

ಭಾರತೀಯ ವಿಜ್ಞಾನ ಸಂಸ್ಥೆ ಎಂಬ ಅಧಿಕೃತ ಹೆಸರಿಗಿಂತ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದರೇ ಹಳೆಯ ಬೆಂಗಳೂರಿಗರಿಗೆ ಬೇಗ ಗುರುತು ಸಿಗುತ್ತದೆ. ಮಲ್ಲೇಶ್ವರಕ್ಕೂ ಯಶವಂತಪುರಕ್ಕೂ ಹತ್ತಿರದಲ್ಲಿ, ದೊಡ್ಡ ದೊಡ್ಡ ಮರಗಳ ನಡುವೆ, ಗೋಪುರವಿರುವ ಕಲ್ಲಿನ ಕಟ್ಟಡವನ್ನು ಮುಂದಿಟ್ಟುಕೊಂಡು ನಿಂತಿರುವ ಈ ಸಂಸ್ಥೆಗೆ 1907ರಲ್ಲಿ ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಜಮ್‌ಷೆಟ್‌ಜಿ ಟಾಟಾ ಇದಕ್ಕಾಗಿ ಮುಡಿಪಿಟ್ಟ ಆಸ್ತಿಯ ಬೆಲೆ ಆ ಕಾಲಕ್ಕೆ 30 ಲಕ್ಷ ರೂಪಾಯಿ. ಅವರು 1904ರಲ್ಲೇ ತೀರಿಕೊಂಡರು. ಸಂಸ್ಥೆಯ ಸ್ಥಾಪನೆಗೆ ಸರ್ಕಾರದ ಆದೇಶ ಹೊರಟದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಆಗ ಇದ್ದದ್ದು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನದಂಥ ಒಂದೆರಡು ವಿಭಾಗ ಮಾತ್ರ. ಇವತ್ತು ಇಲ್ಲಿ ಪರಿಸರ ವಿಜ್ಞಾನದಿಂದ ವೈಮಾಂತರಿಕ್ಷ ಎಂಜಿನಿಯರಿಂಗ್‌ವರೆಗೆ ಹತ್ತಾರು ವಿಭಾಗಗಳಿವೆ. ಸಂಸ್ಥೆಯ ಸಾಧನೆಯ ಪಟ್ಟಿ ಮತ್ತೆ ಮತ್ತೆ ಅಚ್ಚಾಗಿದೆ, ಅದು ಇಲ್ಲಿ ಬೇಡ. ಇಲ್ಲಿಗೆ ಯಾರು ಬಂದರು, ಯಾರನ್ನು ಬಾಗಿಲಲ್ಲೇ ನಿಲ್ಲಿಸಲಾಯಿತು, ಒಳಗೆ ಬಂದವರ ಪಾಡೇನಾಯಿತು ಎಂಬ ಇನ್ನೊಂದು ಚರಿತ್ರೆ ಇದೆ. ಸಂಸ್ಥೆಯ ಧ್ಯೇಯವನ್ನು ಅರಿಯಲು ಅದೇ ಸರಿಯಾದ ದಾರಿ ಎಂಬುದು ಈ ಲೇಖನದ ವಾದ.

ಅರ್ಹತೆಯ ಪ್ರಶ್ನೆ ಈ ಸಂಸ್ಥೆಗಿಂತ ಹಳೆಯದು. 1898ರ ಕೊನೆಯಲ್ಲಿ ಟಾಟಾ ಯೋಜನೆಯ ಸಮಿತಿ ಹೊಸದಾಗಿ ಬಂದಿಳಿದ ವೈಸರಾಯ್ ಕರ್ಜನ್ ಅವರನ್ನು ಕಂಡಾಗ ಅವರು ಎತ್ತಿದ ಅನುಮಾನ ಎರಡು: ಇಂಥ ಉನ್ನತ ಅಧ್ಯಯನಕ್ಕೆ ತಕ್ಕ ವಿದ್ಯಾರ್ಥಿಗಳು ಭಾರತದಲ್ಲಿ ಸಿಗುತ್ತಾರೆಯೇ, ಓದಿ ಹೊರಬಂದವರಿಗೆ ಕೆಲಸ ಎಲ್ಲಿದೆ? ಅಂದರೆ ಅಂದು ಅರ್ಹತೆ ಸಾಲದು ಎನಿಸಿಕೊಂಡಿದ್ದು ಇಡೀ ದೇಶ. ಇಂದು ಮೀಸಲಾತಿಯ ಮಾತು ಬಂದಾಗ ‘ಗುಣಮಟ್ಟ ಏನಾಗಬೇಕು’ ಎಂದು ಕೇಳುವವರು ಈ ಸಂಗತಿಯನ್ನು ನೆನಪಿಡಬೇಕು. ಆ ಪ್ರಶ್ನೆಗೆ ಉತ್ತರ ಹೇಳಿದ್ದು ಯಾವ ವಾದವೂ ಅಲ್ಲ, ಅವಕಾಶ ಸಿಕ್ಕ ಮೇಲೆ ನಡೆದ ಕೆಲಸ. ಸಂಸ್ಥೆ ಶುರುವಾಗಿ ಎರಡು ದಶಕ ಕಳೆದ ಮೇಲೂ ನಿರ್ದೇಶಕರ ಕುರ್ಚಿಯಲ್ಲಿ ಬ್ರಿಟಿಷರೇ ಇದ್ದರು. 1933ರಲ್ಲಿ ಸಿ.ವಿ. ರಾಮನ್ ಬಂದರು, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಅವರು, ಅದೂ ನೊಬೆಲ್ ಬಂದು ಮೂರು ವರ್ಷವಾದ ಮೇಲೆ.

ಅದೇ 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಕಮಲಾ ಭಾಗವತ್ ಇಲ್ಲಿಗೆ ಅರ್ಜಿ ಹಾಕಿದರು. ಅವರ ತಂದೆ, ಚಿಕ್ಕಪ್ಪ ಇಬ್ಬರೂ ಇದೇ ಸಂಸ್ಥೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಹೆಣ್ಣು ಎಂಬ ಒಂದೇ ಕಾರಣಕ್ಕೆ ರಾಮನ್ ಅರ್ಜಿಯನ್ನು ತಿರಸ್ಕರಿಸಿದರು. ಕಮಲಾ ಬೆಂಗಳೂರಿಗೇ ಬಂದು ಹಟ ಹಿಡಿದ ಮೇಲೆ ಷರತ್ತಿನ ಪ್ರವೇಶ ಸಿಕ್ಕಿತು: ಮೊದಲ ವರ್ಷ ಪರೀಕ್ಷಾರ್ಥ, ನಿರ್ದೇಶಕರಿಗೆ ಕೆಲಸ ಒಪ್ಪಿಗೆಯಾದರೆ ಮಾತ್ರ ಮುಂದಕ್ಕೆ, ಗಂಡು ವಿದ್ಯಾರ್ಥಿಗಳ ಗಮನ ಕೆಡಬಾರದು. ಅವರು ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಕುರಿತು ಕೆಲಸ ಮಾಡಿದರು. ವರ್ಷ ಕಳೆದ ಮೇಲೆ ರಾಮನ್ ತೃಪ್ತರಾಗಿ ಪ್ರವೇಶವನ್ನು ಕಾಯಂ ಮಾಡಿದರು. 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದು, ಸಸ್ಯಕೋಶಗಳಲ್ಲೂ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಇದೆಯೆಂದು ತೋರಿಸಿದ ಕಮಲಾ ಸೊಹೋನಿ ಇವರೇ. ರಾಮನ್‌ರನ್ನು ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿಕೊಂಡು, ಇಲ್ಲಿಯೇ ಪ್ರಾಧ್ಯಾಪಕರಾಗಿ ಉಳಿಸಿಕೊಳ್ಳಲು ಪಟ್ಟುಹಿಡಿದವರೂ ಅದೇ ರಾಮನ್. ಆ ಕುರಿತ ಸಭೆಯಲ್ಲಿ ಒಬ್ಬ ಆಂಗ್ಲ ಪ್ರಾಧ್ಯಾಪಕರು, ತನ್ನ ದೇಶವೇ ಹೊರಹಾಕಿದ ಈ ಎರಡನೇ ದರ್ಜೆಯ ಮನುಷ್ಯ ನಮಗೆ ಸಲ್ಲ ಎಂಬರ್ಥದ ಮಾತಾಡಿದರೆಂದು ಬಾರ್ನ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆ ಎರಡನೇ ದರ್ಜೆಯ ಮನುಷ್ಯನಿಗೆ 1954ರಲ್ಲಿ ನೊಬೆಲ್ ಬಂತು. ನಿರಾಶ್ರಿತ ಯಹೂದಿಯ ಅರ್ಹತೆಯನ್ನು ಕಂಡ ಕಣ್ಣಿಗೇ ಒಬ್ಬ ಹೆಣ್ಣುಮಗಳ ಅರ್ಹತೆ ಕಾಣಲಿಲ್ಲ. ಎಷ್ಟೇ ದೊಡ್ಡ ವಿಜ್ಞಾನಿಯಾದರೂ ಅರ್ಹತೆಯನ್ನು ಅಳೆಯುವಾಗ ತನ್ನ ಕಾಲದ ರೂಢಿಯಿಂದ ಪೂರ್ತಿ ಬಿಡಿಸಿಕೊಂಡಿರುವುದಿಲ್ಲ. ಆದ್ದರಿಂದಲೇ ಪ್ರವೇಶವನ್ನು ದೊಡ್ಡವರ ಒಳ್ಳೆಯತನಕ್ಕೆ ಬಿಡದೆ ನಿಯಮಕ್ಕೆ ಒಪ್ಪಿಸಬೇಕಾಗುತ್ತದೆ.

ಪ್ರವೇಶ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಎಷ್ಟು ಕಷ್ಟದ್ದೆಂದು ಅನ್ನಾ ಮಣಿ ಅವರ ಕಥೆಯಿಂದ ತಿಳಿಯುತ್ತದೆ. 1940ರಲ್ಲಿ ವಿದ್ಯಾರ್ಥಿವೇತನ ಪಡೆದು ರಾಮನ್ ಪ್ರಯೋಗಾಲಯ ಸೇರಿದ ಅವರು ವಜ್ರ, ಮಾಣಿಕ್ಯಗಳು ಹೊಮ್ಮಿಸುವ ಬೆಳಕನ್ನು ಅಭ್ಯಾಸ ಮಾಡುತ್ತಿದ್ದರು. ಹರಳನ್ನು ದ್ರವೀಕೃತ ಗಾಳಿಯ ತಣ್ಪಿನಲ್ಲಿಟ್ಟು, ಅದರ ಮಂದ ಬೆಳಕು ಫೋಟೋ ತಟ್ಟೆಯ ಮೇಲೆ ಮೂಡುವತನಕ ಹದಿನೈದು ಇಪ್ಪತ್ತು ಗಂಟೆ ಕಾಯಬೇಕು. ಹಾಗಾಗಿ ಎಷ್ಟೋ ರಾತ್ರಿ ಅವರ ನಿದ್ದೆ ಪ್ರಯೋಗಾಲಯದಲ್ಲೇ. ಐದು ಪ್ರಬಂಧಗಳನ್ನು ಪ್ರಕಟಿಸಿ, 1945ರಲ್ಲಿ ಮಹಾಪ್ರಬಂಧವನ್ನೂ ಒಪ್ಪಿಸಿದರು. ಆಗ ಪದವಿ ಕೊಡುವ ಅಧಿಕಾರ ಮದ್ರಾಸ್ ವಿಶ್ವವಿದ್ಯಾಲಯದ್ದು, ಎಂ.ಎಸ್ಸಿ. ಇಲ್ಲ ಎಂಬ ಕಾರಣ ಹೇಳಿ ಅದು ಪಿಎಚ್‌ಡಿ ನಿರಾಕರಿಸಿತು. ಮುಂದೆ ಹವಾಮಾನ ಇಲಾಖೆಯಲ್ಲಿ ಭಾರತದ್ದೇ ಆದ ಮಾಪಕಗಳನ್ನು ರೂಪಿಸಿ, ಓಜೋನ್ ಅಳೆಯುವ ಉಪಕರಣವನ್ನೂ ಕಟ್ಟಿ, ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಅವರಿಗೆ ‘ಡಾಕ್ಟರ್’ ಎಂಬ ಎರಡಕ್ಷರ ಕೊನೆಗೂ ಸಿಗಲಿಲ್ಲ. ಇದಕ್ಕೆ ಎದುರಾಗಿ ನಮ್ಮವರೇ ಆದ ರಾಜೇಶ್ವರಿ ಚಟರ್ಜಿ ಅವರನ್ನು ನೋಡಬಹುದು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ 1943ರಲ್ಲಿ ಸಂಶೋಧಕಿಯಾಗಿ ಇಲ್ಲಿ ಸೇರಿದವರು, ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ 1953ರಲ್ಲಿ ಇಲ್ಲಿಗೇ ಅಧ್ಯಾಪಕಿಯಾಗಿ ಮರಳಿದರು. ಮೈಕ್ರೋವೇವ್ ಮತ್ತು ಆಂಟೆನಾ ವಿಜ್ಞಾನದಲ್ಲಿ ಒಂದು ಪರಂಪರೆಯನ್ನೇ ಬೆಳೆಸಿ, ವಿಭಾಗದ ಮುಖ್ಯಸ್ಥೆಯೂ ಆದರು. ಇಬ್ಬರ ಪ್ರತಿಭೆಯನ್ನೂ ತಕ್ಕಡಿಗೆ ಹಾಕುವ ಅಗತ್ಯವಿಲ್ಲ. ವಿದೇಶದ ವಿದ್ಯಾರ್ಥಿವೇತನ, ಪದವಿ, ಕಾಯಂ ಹುದ್ದೆ ಒಬ್ಬರಿಗೆ ಸಿಕ್ಕವು. ಇನ್ನೊಬ್ಬರಿಗೆ ಪದವಿಯ ಹೊಸ್ತಿಲಲ್ಲೇ ದಾರಿ ಕಟ್ಟಿತು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಸಂಶೋಧನಾ ವಿಶ್ವವಿದ್ಯಾಲಯದ ಧ್ಯೇಯ ಸತ್ಯವನ್ನು ಹುಡುಕುವುದು. ಸೈಟೋಕ್ರೋಮಿಗೆ ಜಾತಿಯಿಲ್ಲ, ವಜ್ರದ ಬೆಳಕಿಗೆ ಲಿಂಗವಿಲ್ಲ. ಸಾಮಾಜಿಕ ನ್ಯಾಯ ಒಳ್ಳೆಯದೇ ಆದರೂ ಪ್ರಯೋಗಾಲಯ ಅದರ ಜಾಗವಲ್ಲ ಎಂಬುದು ಆ ಆಕ್ಷೇಪ. ಉತ್ತರ ಯಾರ ಕೈಯಲ್ಲೂ ಒಂದೇ ಆಗಿರುತ್ತದೆ ನಿಜ, ಆದರೆ ಪ್ರಶ್ನೆ ಹಾಗಲ್ಲ. ಇದಕ್ಕೆ ಸಂಸ್ಥೆಯ ಒಳಗೇ ಪುರಾವೆ ಇದೆ. ಸತೀಶ್ ಧವನ್ ನಿರ್ದೇಶಕರಾಗಿದ್ದಾಗ, 1974ರಲ್ಲಿ, ವಿದ್ಯುತ್ ರಸಾಯನಶಾಸ್ತ್ರಜ್ಞ ಅಮೂಲ್ಯ ರೆಡ್ಡಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಶಾಖೆ ತೆರೆಯಿತು. ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಕೊಳವೆಯಿಂದ ಹೊರಹಾಕುವ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಹಳ್ಳಿ ಮನೆಗಳಿಗೆ ಹೋಯಿತು. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದಾಗ ಸಂಶೋಧಕರು ಅಂದುಕೊಂಡಿದ್ದು ಜನಕ್ಕೆ ಅಡುಗೆ ಅನಿಲ ಬೇಕಾಗಿದೆ ಎಂದು. ಊರು ಅದಕ್ಕೆ ಒಲಿಯಲಿಲ್ಲ. ಸೌದೆ ಕಾಸಿಲ್ಲದೆ ಸಿಗುತ್ತಿತ್ತು. ಬೇಕಾಗಿದ್ದದ್ದು ಕುಡಿಯುವ ನೀರು. ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ಹರಿಸಿ, ಮನೆಗಳಿಗೆ ದೀಪ ಕೊಟ್ಟಾಗ ಊರವರು ತಾವಾಗಿಯೇ ಸಗಣಿ ತಂದು ಸುರಿದರು. ಅವರಿಗೆ ಗೊಬ್ಬರ ವಾಪಸು ಸಿಗುತ್ತಿತ್ತು, ತಂದುಕೊಟ್ಟದ್ದಕ್ಕೆ ಸ್ವಲ್ಪ ದುಡ್ಡೂ. ಸ್ಥಾವರದ ರಸಾಯನಶಾಸ್ತ್ರ ಎರಡೂ ಸಲ ಒಂದೇ. ಬದಲಾದದ್ದು ಪ್ರಶ್ನೆ. ಬಿಂದಿಗೆ ಹೊತ್ತು ನೀರು ತಂದ ಮನೆಯ ಹುಡುಗಿಯೊಬ್ಬಳು ಆ ತಂಡದ ಸಂಶೋಧಕಿಯಾಗಿದ್ದಿದ್ದರೆ ಮೊದಲ ದಿನವೇ ನೀರಿನ ಮಾತು ಬರುತ್ತಿತ್ತು ಎಂದು ನಂಬುವುದು ಕಷ್ಟವಲ್ಲ. ವೈವಿಧ್ಯ ಧ್ಯೇಯದ ಹೊರಗಿನ ದಾನಧರ್ಮವಲ್ಲ, ಒಳ್ಳೆಯ ಪ್ರಶ್ನೆ ಹುಟ್ಟುವ ಜಾಗ ಎನ್ನುವುದು ಈ ಅರ್ಥದಲ್ಲಿ.

ಇಂದಿನ ವಿದ್ಯಾರ್ಥಿ ಜೀವನವನ್ನೂ ಇದೇ ಕಣ್ಣಿನಿಂದ ನೋಡಬೇಕು. 2011ರಲ್ಲಿ ನಾಲ್ಕು ವರ್ಷದ ಪದವಿ ಶುರುವಾದ ಮೇಲೆ ಹದಿನೆಂಟರ ಹುಡುಗ ಹುಡುಗಿಯರೂ ಇಲ್ಲಿ ಕಾಣುತ್ತಾರೆ, ಆದರೆ ಸಂಸ್ಥೆಯ ಜೀವಾಳ ಪಿಎಚ್‌ಡಿ ವಿದ್ಯಾರ್ಥಿಗಳೇ. ಸೈಕಲ್, ಮೆಸ್, ‘ಟೀ ಬೋರ್ಡ್’ ಅಂಗಡಿಯ ಮುಂದಿನ ಹರಟೆ, ಜಿಮ್‌ಖಾನಾ, ‘ಪ್ರವೇಗ’ ಹಬ್ಬ, ಮರದ ಮೇಲಿನ ಕಾಡುಪಾಪ: ಇವೆಲ್ಲ ಸೇರಿ ಊರಿನೊಳಗೇ ಒಂದು ಊರಾಗಿದೆ. ಆದರೆ ಐದಾರು ವರ್ಷ ಒಂದೇ ಸಮಸ್ಯೆಯ ಹಿಂದೆ, ಒಬ್ಬರೇ ಗೈಡ್ ಕೈಕೆಳಗೆ ಕಳೆಯುವ ಬದುಕು ಒಂಟಿತನದ್ದೂ ಹೌದು. 2023ರಲ್ಲಿ ಏರಿದ ಮೇಲೆ ಕಿರಿಯ ಸಂಶೋಧಕರ ವೇತನ ತಿಂಗಳಿಗೆ 37,000 ರೂಪಾಯಿ. ಬ್ಯಾಂಕ್ ಸಾಲವಿರುವ, ಊರಿಗೆ ಹಣ ಕಳಿಸಬೇಕಾದ ಮನೆಯ ಮೊದಲ ಪದವೀಧರನಿಗೆ ಅದು ಒಂದು ರೀತಿ, ಅಪ್ಪ ಅಮ್ಮ ಇಬ್ಬರೂ ಪ್ರಾಧ್ಯಾಪಕರಾಗಿರುವವನಿಗೆ ಇನ್ನೊಂದು ರೀತಿ. 2021ರಲ್ಲಿ ವಿದ್ಯಾರ್ಥಿಗಳ ಸಾವಿನ ನೋವು ಕಂಡ ಸಂಸ್ಥೆ ಹಾಸ್ಟೆಲ್ ಕೋಣೆಗಳ ಸೀಲಿಂಗ್ ಫ್ಯಾನುಗಳನ್ನು ತೆಗೆಸಿದಾಗ, ಇದು ಮೂಲಕ್ಕೆ ಮುಟ್ಟದ ಪರಿಹಾರ ಎಂದು ವಿದ್ಯಾರ್ಥಿಗಳು ಹೇಳಿದರು. ಒಂದು ಗಳಿಗೆಯ ಅಪಾಯ ತಪ್ಪಿಸುವ ಕ್ರಮಕ್ಕೂ ಬೆಲೆಯಿದೆ, ಆದರೆ ವಿದ್ಯಾರ್ಥಿಗಳು ಎತ್ತಿ ತೋರಿದ್ದು ಗೈಡ್ ಮತ್ತು ವಿದ್ಯಾರ್ಥಿಯ ನಡುವಿನ ಅಂತರವನ್ನು, ಅವರ ಮಾತು ಸರಿಯಾಗಿಯೇ ಇತ್ತು.

ಮೀಸಲಾತಿಯ ಬಗೆಗಿನ ವಾದಕ್ಕೆ ಈಗ ಬರಬಹುದು. 2006ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರವೇಶದಲ್ಲಿ ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 7.5, ಹಿಂದುಳಿದ ವರ್ಗಕ್ಕೆ ಶೇ 27 ಪಾಲಿದೆ. ಪಿಎಚ್‌ಡಿ ಹಂತದಲ್ಲಿ ಉನ್ನತ ಸಂಸ್ಥೆಗಳು ಈ ಪ್ರಮಾಣ ಮುಟ್ಟಿಲ್ಲವೆಂಬುದು ಮಾಹಿತಿ ಹಕ್ಕಿನ ಉತ್ತರಗಳಿಂದ ಮತ್ತೆ ಮತ್ತೆ ಹೊರಬಿದ್ದಿದೆ. ತಕ್ಕ ಅಭ್ಯರ್ಥಿಗಳೇ ಬರುವುದಿಲ್ಲ, ಸರಿಪಡಿಸಬೇಕಾದ್ದು ಶಾಲೆಯನ್ನು ಎಂಬ ಉತ್ತರ ಸಾಮಾನ್ಯ. ಅದರಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧಕ್ಕಾಗಿ ಸಂಸ್ಥೆ ಕೆಲಸವನ್ನೂ ಮಾಡುತ್ತಿದೆ: ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಆವರಣದಲ್ಲಿ ಶಾಲಾ ಕಾಲೇಜು ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ಹಳ್ಳಿ ಶಾಲೆಯ ಮೇಷ್ಟ್ರು ಪ್ರಯೋಗವನ್ನು ಕೈಯಾರೆ ಮಾಡಿ ನೋಡುತ್ತಾರೆ. ಆದರೆ ಇನ್ನರ್ಧವನ್ನು ಶಾಲೆಯ ತಲೆಗೆ ಕಟ್ಟಲಾಗದು. ಸಂದರ್ಶನದಲ್ಲಿ ತಡವರಿಸಿದ ಇಂಗ್ಲಿಷನ್ನು ತಡವರಿಸಿದ ವಿಜ್ಞಾನವೆಂದು ಓದುವುದು, ಒಂದು ಸಣ್ಣ ಕಾಲೇಜಿನ ಹೆಸರು ಕೇಳಿ ಮುಖ ತಿರುಗಿಸುವುದು, ಇವು ಆಯ್ಕೆ ಸಮಿತಿಯ ಕೋಣೆಯಲ್ಲೇ ಸರಿಯಾಗಬೇಕಾದ ದೋಷಗಳು. 1933ರ ಷರತ್ತುಗಳೂ ಒಂದು ಕೋಣೆಯಲ್ಲೇ ತೀರ್ಮಾನವಾದದ್ದು.

ಅದೇ ಚಳ್ಳಕೆರೆ ಇನ್ನೊಂದು ಕಹಿ ಸಂಗತಿಯನ್ನೂ ಎದುರಿಗಿಡುತ್ತದೆ. ಅಲ್ಲಿ ಸಂಸ್ಥೆಗೆ ದೊರೆತ 1,500 ಎಕರೆ ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲಿನ ಭಾಗ. ಆ ಕಾವಲಿನಲ್ಲಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ನೆಲ ಹೋಯಿತು. ಹುಲ್ಲನ್ನೇ ನೆಚ್ಚಿದ್ದ ಕುರಿಗಾಹಿಗಳು, ದನಗಾಹಿಗಳು ಪ್ರತಿಭಟಿಸಿದರು. ವಿಷಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ಕರ್ನಾಟಕದ ನೆಲ ಪಡೆದ ಸಂಸ್ಥೆ ಕನ್ನಡಿಗರಿಗೇನು ಕೊಟ್ಟಿತು ಎಂಬ ಕೂಗು ಆಗಾಗ ಏಳುವುದುಂಟು. ಸೀಟುಗಳನ್ನು ರಾಜ್ಯವಾರು ಹಂಚುವುದು ಅದಕ್ಕೆ ಉತ್ತರವಾಗಲಾರದು. ದೇಶದ ಎಲ್ಲೆಡೆಯಿಂದ ಜನ ಬರುವುದೇ ಇಲ್ಲಿನ ಶಕ್ತಿ, ಮೈಸೂರು ಸಂಸ್ಥಾನ ನೆಲ ಕೊಟ್ಟದ್ದೂ ಅದನ್ನು ತಿಳಿದೇ. ಆದರೆ ಕಾವಲಿನ ಹುಲ್ಲು, ಕುರಿಗಳ ಉಣ್ಣೆ, ಇಳಿಯುತ್ತಿರುವ ಅಂತರ್ಜಲ ಸಂಶೋಧನೆಯ ವಿಷಯಗಳಾಗಿ, ಆ ಊರುಗಳ ಮಕ್ಕಳು ಅದರಲ್ಲಿ ಸಂಶೋಧಕರಾಗಿ ಇರಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ.

ಇಷ್ಟಕ್ಕೆಲ್ಲ ಮೊದಲು ಬೇಕಾದದ್ದು ಲೆಕ್ಕ. ಪ್ರತಿವರ್ಷ ಪ್ರತಿ ವಿಭಾಗಕ್ಕೆ ಯಾರು ಅರ್ಜಿ ಹಾಕಿದರು, ಯಾರು ಸೇರಿದರು, ಯಾರು ಮಧ್ಯದಲ್ಲೇ ಬಿಟ್ಟುಹೋದರು, ಯಾರು ಅಧ್ಯಾಪಕರಾದರು ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿಗೆ ಕಾಯದೆ ಸಂಸ್ಥೆ ತಾನೇ ವಾರ್ಷಿಕ ವರದಿಯಲ್ಲಿ, ಎಲ್ಲರಿಗೂ ಓದಲಾಗುವಂತೆ ಅಚ್ಚು ಹಾಕಬೇಕು. ಮಹಿಳಾ ಅಧ್ಯಾಪಕರು ಇಂದಿಗೂ ಸಣ್ಣ ಸಂಖ್ಯೆಯಲ್ಲಿರುವ ವಿಭಾಗಗಳು ಆ ಪುಟದಲ್ಲಿ ತಾವಾಗಿಯೇ ಕಾಣುತ್ತವೆ. ಬಿಟ್ಟುಹೋದವರ ಕಾಲಮ್ಮನ್ನು ನಿರ್ದೇಶಕರು ಮೊದಲು ಓದಲಿ.