ನಾಯಿ ಮಲಗುವ ಜಾಗ

ಕೋಣಂದೂರಿನಿಂದ ಹುಂಚದ ಕಡೆ ಹೋಗುವ ದಾರಿಯಲ್ಲಿ ಯಾವುದಾದರೂ ಒಂದು ಮಣ್ಣುರಸ್ತೆ ಹಿಡಿದು ಇಳಿದರೆ ಸಾಕು, ಮಲೆನಾಡಿನ ಒಂಟಿಮನೆಗಳು ಶುರುವಾಗುತ್ತವೆ. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ತೋಟದ ನೆತ್ತಿಗೆ ಮನೆ, ಮನೆಯ ಬೆನ್ನಿಗೆ ಸೊಪ್ಪಿನಬೆಟ್ಟ, ಅದರಾಚೆ ಕಾಡು ಇಲ್ಲವೇ ಅಕೇಶಿಯಾ. ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದು ಮನೆಗೆ ಕೇಳುವುದು ಅನುಮಾನ. ನಾಯಿ ಇಲ್ಲದ ಮನೆ ಮಾತ್ರ ಒಂದೂ ಇಲ್ಲ. ಆ ನಾಯಿಗಳು ರಾತ್ರಿ ಎಲ್ಲಿ ಮಲಗುತ್ತವೆ ಎಂದು ನೋಡುವುದಕ್ಕೆಂದೇ ನಾನು ಈ ಕಡೆ ಬಂದದ್ದು. ಚಿರತೆಗೆ ಇಲ್ಲಿ ಕುರ್ಕ ಎನ್ನುತ್ತಾರೆ. ಕುರ್ಕ ನಾಯಿ ಹೊತ್ತ ಸುದ್ದಿ ಇಲ್ಲಿ ಹೊಸದೇನಲ್ಲ. ಹೊತ್ತ ಜಾಗವನ್ನು ನಿಂತು ನೋಡಿದವರು ಕಡಿಮೆ.

ಮೊದಲ ಮನೆಗೆ ದಣಪೆ ಸರಿಸಿ ಒಳಗೆ ಹೋದೆ. ಅಂಗಳ ಸಾರಿಸಿ ಚೊಕ್ಕವಾಗಿತ್ತು, ಅಟ್ಟದ ಮೇಲೆ ಬೇಯಿಸಿದ ಅಡಿಕೆ ಹರವಿತ್ತು. ಹೊಸಬರು ಕಾಲಿಟ್ಟರೆ ಕೇಳಬೇಕಾದ ಬೊಗಳು ಕೇಳಲಿಲ್ಲ. ಜಗಲಿ ಕಂಬದ ಬುಡದಲ್ಲಿ ಕಬ್ಬಿಣದ ಬಳೆ, ಬಳೆಗೊಂದು ಸರಪಳಿ, ಸರಪಳಿಯ ತುದಿ ಖಾಲಿ. ಕಂಬದ ಸುತ್ತ ನೆಲ ಅರ್ಧಚಂದ್ರದ ಹಾಗೆ ಸವೆದಿತ್ತು. ವರ್ಷಗಟ್ಟಲೆ ಅತ್ತಿಂದಿತ್ತ ಓಡಾಡಿದ ನಾಯಿ ಉಗುರಿನಲ್ಲಿ ಕೊರೆದ ಗಡಿ ಅದು. ಒಂದು ಮಾರು ಸರಪಳಿ ಬಿಟ್ಟುಕೊಟ್ಟ ಜಾಗ ಅಷ್ಟೇ. ತಪ್ಪಿಸಿಕೊಳ್ಳಲು ಅದಕ್ಕಿದ್ದದ್ದೂ ಅಷ್ಟೇ ಜಾಗ.

"ರಾತ್ರಿ ಎರಡು ಸಲ ಬೊಗಳ್ತು. ತೋಟಕ್ಕೆ ಹಂದಿ ಬಂದಿರ್ಬೇಕು ಅಂದ್ಕಂಡೆ. ಆಮೇಲೆ ಕುಂಯ್ ಅಂತ್ಲೂ ಇಲ್ಲ. ಬೆಳಿಗ್ಗೆ ಹಾಲು ಕರೆಯಕ್ಕೆ ಎದ್ರೆ ಕೊರಳಪಟ್ಟಿ ಹರಿದು ಬಿದ್ದಿತ್ತು ಮಾರಾಯ್ರೆ" ಎಂದರು ಮನೆಯ ಅಮ್ಮ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಯಜಮಾನರಿಗೆ ಕಿವಿ ಮಂದ. "ಇಡೀ ದಿನ ಮಾತಾಡ್ಸಕ್ಕೆ ಅಂತ ಇದ್ದಿದ್ದು ಅದೊಂದೇ. ದನ ಹೋದ್ರೆ ಪರಿಹಾರಕ್ಕೆ ಅರ್ಜಿ ಹಾಕ್ಬಹುದು. ನಾಯಿಗೆ ಎಂಥ ಅರ್ಜಿ ಹಾಕ್ತೀರಿ?"

ಕುಂಯ್ ಎನ್ನದೆ ಹೋದದ್ದಕ್ಕೆ ಕಾರಣವಿದೆ. ಚಿರತೆ ಹಿಡಿಯುವುದು ಕುತ್ತಿಗೆಯನ್ನು. ಗಂಟಲು ಒತ್ತಿದ ಮೇಲೆ ಕೂಗಲು ಉಸಿರೇ ಇರುವುದಿಲ್ಲ. ಬೆಳೆದ ಗಂಡು ಚಿರತೆ 50ರಿಂದ 70 ಕಿಲೋ ತೂಗುತ್ತದೆ. ತನ್ನಷ್ಟೇ ತೂಕದ ಬೇಟೆಯನ್ನು ಮರಕ್ಕೆ ಏರಿಸಬಲ್ಲ ಪ್ರಾಣಿಗೆ ಹದಿನೈದು ಕಿಲೋದ ನಾಟಿ ನಾಯಿ ಒಂದು ಭಾರವೇ ಅಲ್ಲ. ಕಟ್ಟಿಲ್ಲದ ನಾಯಿ ವಾಸನೆ ಹತ್ತಿದ ಕ್ಷಣ ಜಗಲಿಗೆ ಹಾರಿ ಬಾಗಿಲು ಕೆರೆಯುತ್ತದೆ, ಇಲ್ಲವೇ ಕೊಟ್ಟಿಗೆಯಲ್ಲಿ ದನಗಳ ಮಧ್ಯೆ ನುಗ್ಗಿ ಅಡಗುತ್ತದೆ. ಕಟ್ಟಿಹಾಕಿದ ನಾಯಿಗೆ ಆ ಎರಡು ದಾರಿಯೂ ಇಲ್ಲ. ಕಳ್ಳರು ಬಾರದಿರಲಿ, ನಾಯಿ ಊರು ತಿರುಗದಿರಲಿ ಎಂದು ಹಾಕಿದ ಸರಪಳಿ ಅದನ್ನು ಬಲಿಗೆ ಕಟ್ಟಿದಂತೆ ಮಾಡಿಬಿಡುತ್ತದೆ. ಅಮ್ಮನ ಎದುರು ನಾನು ಇದನ್ನು ಹೇಳಲಿಲ್ಲ. ಅವರಿಗೆ ಗೊತ್ತಿತ್ತು. ಮಾತಾಡುತ್ತಲೇ ಅವರು ಕಾಲಿನಿಂದ ಸರಪಳಿಯನ್ನು ಕಂಬದ ಹಿಂದಕ್ಕೆ ಸರಿಸುತ್ತಿದ್ದರು.

ಅವರೇ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಹಿಂದೆ ಕೊಯ್ಲಿನ ಕಾಲದಲ್ಲಿ ಇದೇ ಅಂಗಳದಲ್ಲಿ ಹತ್ತಿಪ್ಪತ್ತು ಜನ ಮೆಟ್ಟುಗತ್ತಿ ಹಿಡಿದು ನಡುರಾತ್ರಿಯವರೆಗೆ ಅಡಿಕೆ ಸುಲಿಯುತ್ತಿದ್ದರು. ದೀಪ, ಕಥೆ, ನಗು, ಎಲೆಯಡಿಕೆ, ಒಲೆಯ ಮೇಲೆ ಕುದಿಯುವ ಹಂಡೆ. ಈಗ ಸುಲಿಯುವ ಯಂತ್ರ ಬಂದಿದೆ, ಹೊತ್ತು ಮುಳುಗುವುದರೊಳಗೆ ಕೆಲಸ ಮುಗಿಯುತ್ತದೆ. ಏಳೂವರೆಗೆ ಅಂಗಳದಲ್ಲಿ ನರಪಿಳ್ಳೆ ಇರುವುದಿಲ್ಲ. ಮನೆಮನೆಯಲ್ಲಿ ಇಬ್ಬರು ಮುದುಕರು, ಒಂದು ಟಿವಿ, ಹೊರಗೆ ಒಂದು ನಾಯಿ. ಚಿರತೆ ಹತ್ತಿರ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ. ಅಂಗಳದಿಂದ ನಾವು ಹಿಂದೆ ಸರಿದದ್ದೂ ನಿಜ.

ಮನೆಯ ಹಿಂದೆ ಹೋದೆ. ಬಚ್ಚಲ ನೀರು ಹರಿದು ನಿಲ್ಲುವ ಕಡೆ ಮುಸುರೆ ಚೆಲ್ಲುವ ಜಾಗ. ಅನ್ನದಗುಳು, ಮೀನಿನ ಮುಳ್ಳು, ಕೋಳಿಯ ಪುಕ್ಕ. ರಾತ್ರಿ ಇದಕ್ಕೆ ಹಂದಿ ಬರುತ್ತದೆ, ಊರ ನಾಯಿಗಳು ಬರುತ್ತವೆ, ಕಬ್ಬೆಕ್ಕು ಬರುತ್ತದೆ. ಅವು ಬಂದ ಕಡೆಗೆ ಅವನ್ನು ತಿನ್ನುವುದೂ ಬರುತ್ತದೆ. ಅಲ್ಲಿಯ ಕೆಸರಿನಲ್ಲಿ ಎರಡು ಬಗೆಯ ಹೆಜ್ಜೆ ಹತ್ತಿರ ಹತ್ತಿರ ಮೂಡಿದ್ದವು. ಒಂದು ಉದ್ದುದ್ದ, ಬೆರಳಿನ ಮುಂದೆ ಉಗುರಿನ ಚುಕ್ಕೆ ಸ್ಪಷ್ಟ. ಅದು ನಾಯಿಯದು. ಇನ್ನೊಂದು ದುಂಡು, ನಾಲ್ಕು ಬೆರಳು, ಉಗುರಿನ ಗುರುತೇ ಇಲ್ಲ, ಹಿಂದಿನ ಮೆತ್ತೆಯ ಕೆಳಅಂಚಿನಲ್ಲಿ ಮೂರು ಉಬ್ಬು. ಬೆಕ್ಕಿನ ಜಾತಿ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ. ನನ್ನ ಅಂಗೈ ಅದರ ಪಕ್ಕ ಊರಿದೆ. ಅಂಗೈಯ ಅಗಲಕ್ಕಿಂತ ಸ್ವಲ್ಪ ಕಡಿಮೆ. ಹೆಜ್ಜೆ ನೇರ ಅಂಗಳಕ್ಕೆ ಹೋಗಿರಲಿಲ್ಲ. ಕೊಟ್ಟಿಗೆಯ ಗೋಡೆ ಬಳಸಿ, ಗೊಬ್ಬರಗುಂಡಿಯ ಮರೆಯಲ್ಲಿ ನಿಂತು, ಮತ್ತೆ ಹೊರಟಿತ್ತು. ನಿಂತ ಕಡೆ ಮಣ್ಣು ಒತ್ತಿಕೊಂಡಿತ್ತು. ಕಂಬ ಅಲ್ಲಿಂದ ನೇರ ಕಾಣುತ್ತದೆ.

ಸೊಪ್ಪಿನಬೆಟ್ಟದ ಕಾಲುದಾರಿ ಹತ್ತಿದೆವು. ಜೊತೆಗೆ ಪಕ್ಕದ ಮನೆಯ ಹುಡುಗ. ಸೊಪ್ಪು ಕಡಿದು ಬೋಳಾದ ಮರಗಳು, ನಡುನಡುವೆ ಕೌಳಿಮಟ್ಟಿ, ಲಂಟಾನ. ದಾರಿಯ ತಿರುವಿನಲ್ಲಿ, ಎಲ್ಲರಿಗೂ ಕಾಣುವಂತೆ, ಒಣಗಿ ಬೆಳ್ಳಗಾದ ಚಿರತೆಯ ಮಲ ಬಿದ್ದಿತ್ತು. ತನ್ನ ಸೀಮೆಯ ಗುರುತಿಗೆ ಅದು ದಾರಿಯ ಮೇಲೆಯೇ ಹಾಕುವುದು. ಕಡ್ಡಿಯಿಂದ ಬಿಡಿಸಿದರೆ ತುಂಬ ಕೂದಲು, ಮೂಳೆಯ ಚೂರು. ಕೂದಲು ಯಾರದೆಂದು ಬರಿಗಣ್ಣಿಗೆ ಹೇಳಲಾಗದು, ಸೂಕ್ಷ್ಮದರ್ಶಕ ಬೇಕು.

ಆ ಕೆಲಸವನ್ನು ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಮಾಡಿದ್ದಾರೆ. ಅದು ಕಬ್ಬಿನ ಸೀಮೆ, ಹೇಳಿಕೊಳ್ಳುವಂಥ ಕಾಡಿಲ್ಲ, ಜನ ದಟ್ಟವಾಗಿದ್ದಾರೆ. ಅಲ್ಲಿಯ ಚಿರತೆಗಳ ಆಹಾರದ ತೂಕದಲ್ಲಿ ನೂರಕ್ಕೆ 87 ಪಾಲು ಸಾಕುಪ್ರಾಣಿಗಳದ್ದು. ನಾಯಿಯೊಂದರದ್ದೇ ನೂರಕ್ಕೆ 39. ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ ಅಧ್ಯಯನದ ಇನ್ನೊಂದು ಸಾಲು. ಆ ಊರುಗಳಲ್ಲಿ ನಾಯಿಗಿಂತ ಆಡುಗಳು ಏಳು ಪಟ್ಟು ಹೆಚ್ಚಿದ್ದವು. ಆದರೂ ಆಡಿನ ಪಾಲು ಬರೀ 11. ಚಿರತೆಗೆ ಆಡಿನ ಮಾಂಸ ರುಚಿಸದೆ ಅಲ್ಲ. ಆಡಿಗೆ ಬೆಲೆ ಇದೆ, ಆದ್ದರಿಂದ ರಾತ್ರಿ ಅದನ್ನು ಒಳಗೆ ಕೂಡುತ್ತಾರೆ. ನಾಯಿಗೆ ಪ್ರೀತಿ ಇದೆ, ಬೆಲೆ ಇಲ್ಲ. ಅದು ಹೊರಗೆ ಮಲಗುತ್ತದೆ.

ಬೆಟ್ಟದ ನೆತ್ತಿಯಿಂದ ಆಚೆಗೆ ಅಕೇಶಿಯಾ ನೆಡುತೋಪು. ಶಿವಮೊಗ್ಗ ಜಿಲ್ಲೆಯಲ್ಲಿ ಕಾಗದದ ಕಾರ್ಖಾನೆಗಾಗಿ ಬೆಳೆಸಿದ ಇಂಥ ತೋಪುಗಳು ಗುಡ್ಡಗುಡ್ಡಕ್ಕೂ ಇವೆ. ಅದರ ಬುಡದಲ್ಲಿ ಹುಲ್ಲು ಕಡಿಮೆ, ಕಾಡುಕುರಿಗೆ, ಮೊಲಕ್ಕೆ ಮೇಯಲು ಏನೂ ಸಿಗದು. ಅಲ್ಲಿ ಇಲ್ಲಿ ಉಳಿದದ್ದನ್ನು ಉರುಳಿಗೆ, ಕೋವಿಗೆ ಕೊಟ್ಟದ್ದು ನಾವು. ನಾಯಿಯ ಪಾಲೂ ಇದೆ, ಅದನ್ನು ಮುಚ್ಚಿಡಬಾರದು. ಜೊತೆಗೆ ಬಂದ ಹುಡುಗ ಹೇಳಿದ: "ನಮ್ಮನೆ ನಾಯಿಗಳು ಹಗಲು ಗುಂಪು ಕಟ್ಕಂಡು ಬೆಟ್ಟಕ್ಕೆ ಹೋಗ್ತವೆ, ಕಾಡುಕುರಿ ಮರಿ ಹಿಡ್ದು ತಂದು ಅಂಗಳಕ್ಕೆ ಹಾಕಿದ್ದೂ ಉಂಟು." ಬೇಟೆಯ ಜೊತೆ ಕಾಯಿಲೆಯೂ ಹೋಗುತ್ತದೆ. 2018ರಲ್ಲಿ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗ ಅವುಗಳಲ್ಲಿ ಸಿಕ್ಕಿದ್ದು ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವೈರಸ್. ಹುಚ್ಚುನಾಯಿ ರೋಗದ ಮಾತು ಬೇರೆ ಹೇಳಬೇಕಿಲ್ಲ. ಹಾಗಾಗಿ ಲಸಿಕೆ ಹಾಕಿಸಿ, ಹಗಲು ಮನೆಯ ಸುತ್ತ ಇರಿಸಿಕೊಂಡ ನಾಯಿಯಿಂದ ಕಾಡಿಗೂ ಉಪಕಾರವೇ.

ಬೆಟ್ಟ ಇಳಿದು ಮುಂದಿನ ಮನೆಗೆ ಬಂದಾಗ ಬೊಗಳು ಮೊದಲೇ ಎದುರಾಯಿತು. ಕರಿಯ ಎಂಬ ಎಳೆಯ ನಾಯಿ. ಅದರ ಕೊರಳಲ್ಲಿ ಪಿವಿಸಿ ಪೈಪಿನ ತುಂಡಿಗೆ ಮೊಳೆ ಹೊಡೆದು ಮಾಡಿದ ಪಟ್ಟಿ, ಮೊಳೆಯ ಮೊನೆ ಹೊರಗೆ. "ಇದು ಸಂಜೆ ಹೊತ್ತಿಗೆ ಮಾತ್ರ. ರಾತ್ರಿಗೆ ಬೇರೆ ವ್ಯವಸ್ಥೆ ಇದೆ, ಬನ್ನಿ" ಎಂದು ಮನೆಯ ಯಜಮಾನ ಗೌಡರು ಅಡುಗೆಮನೆಯ ಮಗ್ಗುಲಿಗೆ ಕರೆದೊಯ್ದರು.

ಅಲ್ಲಿತ್ತು ನಾಯಿಗೂಡು. ನೋಡಲು ಏನೂ ಇಲ್ಲ. ಆದರೆ ನಾನು ಅದರ ಮುಂದೆ ಬಹಳ ಹೊತ್ತು ನಿಂತೆ. ಮೂರು ಕಡೆ ಜಂಬಿಟ್ಟಿಗೆ ಗೋಡೆ, ಸೊಂಟದೆತ್ತರ. ನಾಲ್ಕನೇ ಕಡೆಗೂ ಗೋಡೆಯ ಮೇಲಿನ ಭಾಗಕ್ಕೂ ದಪ್ಪ ವೆಲ್ಡ್‌ಮೆಶ್. ಮೊದಲು ಕೋಳಿಗೂಡಿನ ಜಾಲರಿ ಹಾಕಿದ್ದರಂತೆ. ಒಂದು ರಾತ್ರಿ ಕುರ್ಕ ಬಂದು ಉಗುರು ಹಾಕಿ ಎಳೆದಾಗ ಅದು ಕಿತ್ತುಬಂತು. ನಾಯಿ ಮೂಲೆಗೆ ಒತ್ತಿಕೊಂಡದ್ದರಿಂದ ಉಳಿಯಿತು. ಅಂದಿನಿಂದ ಮೆಶ್ ಬದಲಾಯಿತು, ಕಣ್ಣು ಚಿಕ್ಕದಾಯಿತು, ಪಂಜ ತೂರದಷ್ಟು. ಮೇಲೆ ಶೀಟು, ಶೀಟಿನ ಕೆಳಗೂ ಮೆಶ್, ಏಕೆಂದರೆ ಅದು ಸೂರಿನ ಮೇಲೂ ಹತ್ತುತ್ತದೆ. ಬಾಗಿಲು ಹೊರಕ್ಕೆ ತೆರೆಯುತ್ತದೆ: ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಿ ನುಗ್ಗಬಹುದು, ಹೊರಕ್ಕೆ ತೆರೆಯುವುದು ಚೌಕಟ್ಟಿಗೆ ಆನಿಸಿ ನಿಲ್ಲುತ್ತದೆ. ಚಿಲಕ ಎರಡು. ನೆಲ ಒಂದು ಗೇಣು ಎತ್ತರ, ಮಳೆಗಾಲದ ನೀರಿಗೆ. ಹಿಂದಿನ ಮೂಲೆಯಲ್ಲಿ ಗೋಣಿಚೀಲದ ಹಾಸಿಗೆ, ಎಲ್ಲ ಕಡೆಯ ಮೆಶ್‌ಗೂ ಕೈಯಳತೆಗಿಂತ ದೂರ. ಸರಪಳಿ ಇಲ್ಲ.

"ಶುರುವಲ್ಲಿ ರಾತ್ರಿಯಿಡೀ ಅತ್ತಿತ್ತು. ಊಟ ಒಳಗೇ ಹಾಕಿದ್ವಿ, ಒಗ್ಗಿತು. ಈಗ ಕತ್ತಲಾದ್ರೆ ತಾನೇ ಹೋಗಿ ಮಲಗ್ತದೆ."

ಗೂಡಲ್ಲಿಟ್ಟರೆ ಮನೆ ಕಾಯುವವರು ಯಾರು ಎಂದು ನೆಂಟರೆಲ್ಲ ಕೇಳುತ್ತಾರಂತೆ. ಗೌಡರ ಉತ್ತರ ಸರಳ: "ಕಾಯೋದು ಹಲ್ಲಲ್ಲ, ಗಂಟಲು. ಅಡುಗೆಮನೆ ಪಕ್ಕ ಇಟ್ಟಿದ್ದೇ ಅದಕ್ಕೆ. ಅದು ಬೊಗಳಿದ್ರೆ ನಮಗೆ ಎಚ್ಚರ ಆಗ್ತದೆ, ನಾವು ಲೈಟು ಹಾಕ್ತೀವಿ." ಇಷ್ಟು ಒಳ್ಳೆಯ ಮಾತನ್ನು ಈ ವಿಷಯದಲ್ಲಿ ನಾನು ಬೇರೆಲ್ಲೂ ಕೇಳಿಲ್ಲ.

ದಾರಿಯ ಕೊನೆಗೆ, ಊರ ಶಾಲೆಯ ಹಿಂದೆ, ಬೋನು ಇಟ್ಟಿದ್ದರು. ನಾಯಿ ಹೋದದ್ದು ಒಂದೇ ವಾರದಲ್ಲಿ ಎರಡಾದಾಗ ಊರವರು ಒತ್ತಾಯಿಸಿ ತರಿಸಿದ್ದು. ಸೊಪ್ಪು ಹೊದಿಸಿದ ಕಬ್ಬಿಣದ ಪೆಟ್ಟಿಗೆ. ಹಿಂದೆ ಒಂದು ಕಿರಿದಾದ ಅರೆ, ಅದರೊಳಗೆ ಚಿರತೆಯನ್ನು ಸೆಳೆಯಲು ಒಂದು ಬೀದಿನಾಯಿ. ನಾಯಿಯನ್ನು ಉಳಿಸುವುದಕ್ಕೆ ಇನ್ನೊಂದು ನಾಯಿಯನ್ನು ರಾತ್ರಿಯಿಡೀ ಹೆದರಿಕೆಯಲ್ಲಿ ನಡುಗಿಸುವುದು ನನಗೆ ನೋಡಲಾಗಲಿಲ್ಲ. ಅದರ ಮುಂದಿದ್ದ ತಟ್ಟೆಯಲ್ಲಿ ನೀರು ಕೂಡ ಇರಲಿಲ್ಲ. ಹುಡುಗ ಓಡಿ ಹೋಗಿ ತಂದು ಹಾಕಿದ.

ಊರವರ ಭಯ ಸುಳ್ಳಲ್ಲ. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು. ಮನುಷ್ಯರ ಮೇಲೆ ಬೀಳುವ ಚಿರತೆಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಯಿ ತಿಂದ ಕುರ್ಕನಿಗೆಲ್ಲ ಬೋನು ಇಡುತ್ತಾ ಹೋದರೆ ಏನಾಗುತ್ತದೆ ಎಂಬುದನ್ನು ಪುಣೆ ಬಳಿಯ ಜುನ್ನರ್ ತೋರಿಸಿಕೊಟ್ಟಿದೆ. 2001ರಿಂದೀಚೆಗೆ ಅಲ್ಲಿ ಚಿರತೆಗಳನ್ನು ಸಾಲಾಗಿ ಹಿಡಿದು ದೂರದ ಕಾಡುಗಳಿಗೆ ಬಿಟ್ಟರು. ಬಿಟ್ಟ ಕಾಡುಗಳ ಸುತ್ತ ಜನರ ಮೇಲಿನ ದಾಳಿ ಹೆಚ್ಚಿತು. ಪರಿಚಯವಿಲ್ಲದ ನೆಲ, ಗಾಯ, ಗಾಬರಿ; ಇತ್ತ ಖಾಲಿಯಾದ ಸೀಮೆಗೆ ಇನ್ನೊಂದು ಎಳೆಯ ಚಿರತೆ ಬಂದು ಸೇರುತ್ತದೆ. ಇದನ್ನೆಲ್ಲ ನೋಡಿಯೇ ಕೇಂದ್ರದ ಪರಿಸರ ಸಚಿವಾಲಯ 2011ರಲ್ಲಿ ಚಿರತೆ-ಮಾನವ ಸಂಘರ್ಷಕ್ಕೆ ಮಾರ್ಗಸೂಚಿ ಹೊರಡಿಸಿ, ಸುಮ್ಮನೆ ಹಿಡಿದು ಸಾಗಿಸುವುದನ್ನು ಬಿಡಿ ಎಂದದ್ದು. 2022ರ ಗಣತಿಯ ಅಂದಾಜಿನಲ್ಲಿ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಬೋನುಗಳಿಂದ ಮುಗಿಯುವ ಲೆಕ್ಕವಲ್ಲ ಅದು.

ಬೋನಿನ ಪಕ್ಕ ಸೇರಿದ್ದವರಿಗೆ ನಾನು ಗೌಡರ ಗೂಡಿನ ಕಥೆ ಹೇಳಿದೆ. ಬಾಗಿಲು ಯಾವ ಕಡೆ ತೆರೆಯಬೇಕು, ಮೆಶ್ ಎಷ್ಟು ದಪ್ಪ ಇರಬೇಕು ಎಂದು ಕೇಳಿದರು. ಜಂಬಿಟ್ಟಿಗೆ ಎಲ್ಲರ ಹಿತ್ತಿಲಲ್ಲೂ ಬಿದ್ದಿದೆ, ಖರ್ಚೆಲ್ಲ ಮೆಶ್‌ನದು ಮತ್ತು ವೆಲ್ಡಿಂಗ್‌ನದು, ಒಬ್ಬೊಬ್ಬರೇ ಆದರೆ ಕಷ್ಟ ಎಂದರು. ನಾನು ಅರಣ್ಯ ಇಲಾಖೆಗೂ ಗ್ರಾಮ ಪಂಚಾಯಿತಿಗೂ ಕೇಳುವುದು ಇದನ್ನೇ: ಕೊಟ್ಟಿಗೆ ಕಟ್ಟಲು ಸರ್ಕಾರದ ಸಹಾಯ ಸಿಗುವ ಹಾಗೆ, ಕಾಡಂಚಿನ ಒಂಟಿಮನೆಗಳಿಗೆ ನಾಯಿಗೂಡಿನ ಮೆಶ್ ಮತ್ತು ಬಾಗಿಲು ಕೊಡಿ, ಪಶುವೈದ್ಯರನ್ನು ವರ್ಷಕ್ಕೊಮ್ಮೆ ಲಸಿಕೆ ಹಿಡಿದು ಈ ಮಣ್ಣುರಸ್ತೆಗಳಿಗೆ ಕಳಿಸಿ. ಮಕ್ಕಳು ಊರಿನಲ್ಲಿಲ್ಲದ ಮುದುಕರ ಮನೆಗಳಿಂದ ಶುರುಮಾಡಿ, ಮುಂದಿನ ಮಳೆಗಾಲಕ್ಕೆ ಮೊದಲೇ.