ಅವ್ವನ ಇಳಕಲ್ ಸೀರೆ

ಮಕ್ಕಳೇ, ನಿಮ್ಮ ಮನೆಯಲ್ಲಿ ಕೌದಿ ಇದೆಯೇ? ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿದರೆ ಕೌದಿ. ನಮ್ಮ ಉತ್ತರ ಕರ್ನಾಟಕದಲ್ಲಿ ಕೂಸನ್ನು ಮಲಗಿಸುವುದೂ ಇದರ ಮೇಲೆ, ಮುದುಕರು ಹೊದೆಯುವುದೂ ಇದನ್ನೇ.

ನಮ್ಮ ಅವ್ವನ ಹತ್ತಿರ ಒಂದು ಇಳಕಲ್ ಸೀರೆ ಇತ್ತು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸುನೂಲು ಬೇರೆ, ಸೆರಗಿನದು ಬೇರೆ. ನೇಕಾರರು ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೆಂಪು ರೇಷ್ಮೆ ಸೆರಗಿನಲ್ಲಿ ಗೋಪುರದಂಥ ಬಿಳಿಯ ಸಾಲುಗಳು. ಅದಕ್ಕೆ ತೋಪು ತೆನಿ ಎಂದು ಹೆಸರು. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟರೆ ಅವ್ವನಿಗೆ ಅಂದೇ ಹಬ್ಬ.

ಅವ್ವ ತೀರಿಕೊಂಡ ಮೇಲೆ ಸೀರೆ ಬಿಚ್ಚಿ ನೋಡಿದೆವು. ಒಡಲು ಮಡಿಕೆಯಲ್ಲೇ ಹರಿಯತೊಡಗಿತ್ತು. "ಕೌದಿ ಮಾಡೋಣೇನು?" ಎಂದೆ. ಅಕ್ಕನ ಕಣ್ಣು ತುಂಬಿತು. "ಅವ್ವನ ಸೀರಿಗೆ ಕತ್ತರಿ ಹಚ್ತೀಯೇನೋ ತಮ್ಮಾ?" ಎಂದಳು. ಸೀರೆ ಮತ್ತೆ ಟ್ರಂಕು ಸೇರಿತು.

ಎರಡು ವರ್ಷದ ನಂತರ ತೆಗೆದಾಗ ಹರಕು ಇನ್ನೂ ದೊಡ್ಡದಾಗಿತ್ತು. ಆಗ ಅಕ್ಕನೇ ಕತ್ತರಿ ಹಿಡಿದಳು. ನೇಕಾರ ಕೂಡಿಸಿದ ಕೊಂಡಿಯ ಪಕ್ಕದಲ್ಲಿ, ಒಡಲಿನ ಕಡೆ ಕತ್ತರಿಸಿದಳು. ಸೆರಗು ಅವಳಿಗೆ, ಒಡಲು ಕೌದಿಗೆ. ಒಳಪದರಕ್ಕೆ ಅಪ್ಪನ ಧೋತರ ಬಂತು. 1973ರಲ್ಲಿ ಬ್ಯಾಂಕಿಗೆ ಸೇರಿದಾಗ ನಾನು ಹೊಲಿಸಿದ್ದ ಟೆರಿಕಾಟ್ ಬೆಲ್‌ಬಾಟಂ ಪ್ಯಾಂಟನ್ನೂ ತಂದೆ. "ಇದು ಬ್ಯಾಡ, ಬೆವರು ಹೀರೂದಿಲ್ಲ" ಎಂದಳು ಅಕ್ಕ. ಅದು ಸಂತೆಯ ಚೀಲವಾಯಿತು. ಒಂದೊಂದು ಕಾಲಿನಲ್ಲಿ ಐದೈದು ಕಿಲೋ ಕಾಯಿಪಲ್ಯ ಹಿಡಿಯುತ್ತದೆಂದು ಮೊಮ್ಮಗ ನಗುತ್ತಾನೆ!

ಈಗ ಆ ಕೌದಿ ಮೊಮ್ಮಗಳದು. ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು, "ಅಜ್ಜಾ, ಇದು ಯಾರದು?" ಎನ್ನುತ್ತಾಳೆ. ನಾನು ಹೇಳುತ್ತೇನೆ. ಹೇಳುವವರು ಇರುವತನಕ ಅದು ಅವ್ವನ ಸೀರೆ, ಆಮೇಲೆ ಬರೀ ಅರಿವೆ. ಅದಕ್ಕೇ ಬ್ಯಾಂಕಿನ ಲೆಡ್ಜರಿನಂತೆ ಒಂದು ವಹಿ ಮಾಡಿದ್ದೇನೆ: ಯಾವ ಬಟ್ಟೆ, ಯಾರದು, ಯಾವಾಗ ಉಟ್ಟದ್ದು.

ಅಜ್ಜ ಅಜ್ಜಿಯರೇ, ರೇಷ್ಮೆ, ಜರಿ ಸೀರೆಗಳ ಮಡಿಕೆಯನ್ನು ಆಗಾಗ ಬದಲಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಒಂದೇ ಗೆರೆಯಲ್ಲಿ ಬಹಳ ಕಾಲ ಮಡಿಚಿಟ್ಟರೆ ಅಲ್ಲೇ ಸೀಳುತ್ತವೆ. ಮಕ್ಕಳೇ, ಈ ಭಾನುವಾರ ಅಜ್ಜಿಯ ಟ್ರಂಕು ತೆಗೆಸಿ. ಒಂದು ಬಟ್ಟೆಯ ಕಥೆ ಕೇಳಿ, ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ. ಟಾಚಣಿ ಮಾತ್ರ ಚುಚ್ಚಬೇಡಿ, ತುಕ್ಕು ಹಿಡಿದೀತು!