ನರಾಗ್ರದಲ್ಲಿ ಕ್ಯಾಲ್ಸಿಯಂ

ಸುಣ್ಣದ ಕಲ್ಲಿನಲ್ಲಿ ಯುಗಯುಗಾಂತರ ಅಲುಗಾಡದೆ ಕುಳಿತಿರಬಲ್ಲ ಕ್ಯಾಲ್ಸಿಯಂ, ಪ್ರಾಣಿದೇಹದ ಅತಿ ಶೀಘ್ರ ವ್ಯಾಪಾರವೊಂದಕ್ಕೆ ಅಪ್ಪಣೆ ಕೊಡುವ ಧಾತುವೂ ಆಗಿರುವುದನ್ನು ಜೀವವಿಜ್ಞಾನದ ಪರಮ ವಿಸ್ಮಯಗಳಲ್ಲೊಂದೆಂದು ನಾನು ಎಣಿಸುತ್ತೇನೆ. ಕಪ್ಪೆಯ ಕಾಲಿನ ನರದಲ್ಲಿ ಹರಿದುಬಂದ ವಿದ್ಯುತ್‌ಸ್ಪಂದನವು ತಾನೇ ಸ್ನಾಯುವನ್ನು ಮುಟ್ಟಲಾರದು; ನಡುವೆ ಅತಿ ಕಿರಿದಾದ ತೆರಪೊಂದಿದೆ. ನರಾಗ್ರದೊಳಗೆ, ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲೊಂದು ಪಾಲಿನಷ್ಟು ವ್ಯಾಸದ ಕೋಶಿಕೆಗಳು ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು ತುಂಬಿಕೊಂಡು ಪೊರೆಗೆ ಒತ್ತಿ ಕಾದಿರುತ್ತವೆ. ಅವು ಪೊರೆಯೊಡನೆ ಬೆಸೆದು ತಮ್ಮ ದ್ರವ್ಯವನ್ನು ಹೊರಚೆಲ್ಲಿದರೆ ಮಾತ್ರ ಸ್ನಾಯು ಸಂಕುಚಿಸುತ್ತದೆ.

ಹಾಗೆ ಚೆಲ್ಲುವಂತೆ ಮಾಡುವುದು ಸ್ಪಂದನವೋ ಕ್ಯಾಲ್ಸಿಯಮ್ಮೋ? ನಾಟ್ಸಿ ಜರ್ಮನಿಯನ್ನು ತೊರೆದು 1935ರಲ್ಲಿ ಲಂಡನ್ನಿಗೆ ಬಂದ ಬರ್ನಾರ್ಡ್ ಕಾಟ್ಸ್ ಅವರು, ಮೆಕ್ಸಿಕೋದ ರಿಕಾರ್ಡೋ ಮಿಲೆಡಿ ಅವರೊಡಗೂಡಿ 1960ರ ದಶಕದಲ್ಲಿ ಇದನ್ನು ಪರೀಕ್ಷಿಸಿದ ರೀತಿ ನನಗೆ ಅತ್ಯಂತ ಪ್ರಿಯವಾದುದು. ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಕಪ್ಪೆಯ ಸ್ನಾಯುವನ್ನಿರಿಸಿ, ನರಾಗ್ರದ ಪಕ್ಕಕ್ಕೇ ಸೂಕ್ಷ್ಮ ಗಾಜಿನ ನಳಿಕೆಯೊಂದನ್ನು ತಂದು, ಅದರಿಂದ ಕ್ಷಣಮಾತ್ರ ಕ್ಯಾಲ್ಸಿಯಂ ಅಯಾನುಗಳನ್ನು ಹೊರಡಿಸಿದರು. ವಿದ್ಯುತ್ ಪ್ರಚೋದನೆಗೆ ತುಸು ಮುನ್ನ ಹೊರಡಿಸಿದಾಗ ನರವಾಹಕ ಸ್ರವಿಸಿತು. ಪ್ರಚೋದನೆ ಮುಗಿದ ಮರುಕ್ಷಣದಲ್ಲಿ ಹೊರಡಿಸಿದಾಗ, ಸ್ರಾವದ ವೇಳೆ ಇನ್ನೂ ಮೀರಿರದಿದ್ದರೂ, ಏನೂ ಆಗಲಿಲ್ಲ. ಎಂದರೆ, ಸ್ಪಂದನದ ಕೆಲಸ ಬಾಗಿಲನ್ನು ತೆರೆಯುವುದಷ್ಟೇ. ಬಾಗಿಲು ತೆರೆದಿರುವಾಗ ಕ್ಯಾಲ್ಸಿಯಂ ಹೊರಗೆ ಸಿದ್ಧವಾಗಿ ನಿಂತಿರಬೇಕು.

ಜೀವಕೋಶವು ತನ್ನೊಳಗಿನ ಕ್ಯಾಲ್ಸಿಯಮ್ಮನ್ನು ಹೊರಗಿನದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲಿಗೆ ಇಳಿಸಿಟ್ಟುಕೊಳ್ಳಲು ಎಡೆಬಿಡದೆ ಶಕ್ತಿಯನ್ನು ವ್ಯಯಿಸುತ್ತಿರುವುದು ಇದಕ್ಕಾಗಿಯೇ ಎನ್ನಬಹುದು: ಒಳಗೆ ಅದು ಅಷ್ಟು ವಿರಳವಾಗಿರುವುದರಿಂದಲೇ, ನುಗ್ಗಿಬಂದ ಅತ್ಯಲ್ಪ ಪ್ರಮಾಣವೂ ಸ್ಪಷ್ಟ ಸಂಕೇತವಾಗುತ್ತದೆ. ಸ್ಕ್ವಿಡ್ಡಿನ ಬೃಹತ್ ನರಸಂಧಿಯಲ್ಲಿ, ಕ್ಯಾಲ್ಸಿಯಂ ಒಳಹೊಕ್ಕ ಸುಮಾರು 0.2 ಮಿಲಿಸೆಕೆಂಡಿನಲ್ಲೇ ಆಚೆಯ ಕೋಶ ಪ್ರತಿಕ್ರಿಯಿಸುತ್ತದೆ. ಕಪ್ಪೆಯ ಸ್ನಾಯುವಿನಲ್ಲಿ 1967ರಲ್ಲಿ ಕಂಡಂತೆ, ಕ್ಯಾಲ್ಸಿಯಂ ಅಲ್ಪವಾಗಿರುವ ದ್ರಾವಣದಲ್ಲಿ ಅದನ್ನು ಇಮ್ಮಡಿಸಿದರೆ ಸ್ರಾವ ಹದಿನಾರು ಮಡಿಯಷ್ಟಾಗುತ್ತದೆ. ಒಂದೊಂದು ಕೋಶಿಕೆಯ ಬಿಡುಗಡೆಗೂ ನಾಲ್ಕು ಅಯಾನುಗಳು ಒಡಗೂಡಬೇಕೆಂಬುದಕ್ಕೆ ಇದು ಸೂಚನೆ. ಅವನ್ನು ಹಿಡಿಯುವ ಪ್ರೋಟೀನು ಸಿನಾಪ್ಟೊಟ್ಯಾಗ್ಮಿನ್ ಎಂಬುದನ್ನು ಥಾಮಸ್ ಸುಡಾಫ್ ಸ್ಥಾಪಿಸಿದರು. ಕಾಟ್ಸ್ 1970ರಲ್ಲಿಯೂ ಸುಡಾಫ್ 2013ರಲ್ಲಿಯೂ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಸ್ಪಂದನ ಮುಗಿದೊಡನೆ ಬಾಗಿಲು ಮುಚ್ಚುತ್ತದೆ, ಸ್ರಾವ ನಿಲ್ಲುತ್ತದೆ. ಆದರೂ ಒಳಬಂದುದೆಲ್ಲ ತತ್‌ಕ್ಷಣ ಹೊರಹೋಗದು. ಉಳಿದ ಕಿಂಚಿತ್ತು ಕ್ಯಾಲ್ಸಿಯಮ್ಮಿನಿಂದಾಗಿ, ಬೆನ್ನಹಿಂದೆಯೇ ಬಂದ ಎರಡನೆಯ ಸ್ಪಂದನವು ಮೊದಲನೆಯದಕ್ಕಿಂತ ಹೆಚ್ಚು ಕೋಶಿಕೆಗಳನ್ನು ತೆರೆಯಿಸುವುದುಂಟು.